ರಾಮನೂ ಮಾರನೂ ಒಂದ ಡಬ್ಬ್ಯಾಗ?

ಮೊನ್ನೆ ನಮ್ಮ ಅಣ್ಣನ ಮಗಳು ಕಂಪ್ಯೂಟರ್ ಮುಂದ ಕೂತು ಹಣಿ ಬಡಕೊಳ್ಳಲಿಕ್ಕೆ ಹತ್ತಿದ್ಲು. ಅಕಿಗೆ ಕೊಟ್ಟ ಲೆಕ್ಕ ಏನಂದ್ರ, ಒಂದು ರಾಶಿ ಶಬ್ದದಾಗ, ಅವ ಅಕ್ಷರ ಹಿಂದ-ಮುಂದ ಆಗಿ ಬಂದ ಶಬ್ದಗಳನ್ನ ಆರಿಸಿ ಗುಂಪು ಮಾಡಬೇಕು. ಇಂಗ್ಲಿಷಿನ್ಯಾಗ ಟೀ, ಈಟ್, ಏಟ್ ಮೂರಕ್ಕೂ ಟಿ, ಇ, ಎ ಇವ ಅಕ್ಷರ. ನಮ್ಮದ್ರಾಗ ಸರ-ರಸ, ಗಜ-ಜಗ, ನವ-ವನ ಇದ್ಧಂಗ.

ಮೊದಲು ಅಕಿ ಒಂದೊಂದು ಶಬ್ದಾನೂ ಉಳಿದ ಎಲ್ಲಾದರ ಜೋಡಿ ಹಿಡಿದು ನೋಡಿಸಿದ್ಲು. ಹಂಗ ಮಾಡಿದ್ರ 100 ಶಬ್ದಕ್ಕ 4,950 ಸಲ ಹೋಲಿಸಬೇಕಂತ! ಆಮ್ಯಾಲೆ ಶಾಣ್ಯಾ ಹಾದಿ ಹಿಡಿದ್ಲು. ಪ್ರತಿ ಶಬ್ದದ ಅಕ್ಷರ ಬಿಡಿಸಿ ವರ್ಣಮಾಲೆ ಕ್ರಮದಾಗ ಇಡೋದು. ಆಗ ಟೀ, ಈಟ್, ಏಟ್ ಮೂರೂ 'ಎ-ಇ-ಟಿ' ಆಗ್ತಾವ. ಅದ ಡಬ್ಬಿ ಮ್ಯಾಲಿನ ಚೀಟಿ. ಚೀಟಿ ನೋಡಿ ಡಬ್ಬಿಗೆ ಹಾಕ್ಕೋತ ಹೋದ್ರ 100 ಶಬ್ದಕ್ಕ 100 ಚೀಟಿ, ಕೆಲಸ ಮುಗೀತು. ನಾವು ಅಡಿಗಿಮನ್ಯಾಗ ಮಾಡೋದೂ ಇದ ಅಲ್ಲೇನ್ರಿ?

"ಕನ್ನಡದ್ದೂ ಹಾಕಿ ನೋಡು" ಅಂತ ನಾ ನಾಕು ಶಬ್ದ ಹೇಳಿದೆ. ರಾಮ, ಮರಾ, ಮಾರ ಮೂರೂ ಒಂದ ಡಬ್ಬ್ಯಾಗ ಬಿದ್ದುವು. "ಸರಿ ಬಂತಲ್ಲ ಅತ್ತಿ" ಅಂದ್ಲು.

ಎಲ್ಲಿ ಸರಿ? ಮರಾ ಮರಾ ಅಂತ ಜಪಿಸಿ ವಾಲ್ಮೀಕಿ ರಾಮನಾಮ ಕಂಡದ್ದು ಕಥಿಯೊಳಗ ಅದ, ಅವೆರಡೂ ಜೋಡಿ ಖರೆ. ಮಾರ ಅಂದ್ರ ಮನ್ಮಥ, ಅಂವ ಅಲ್ಲಿ ಹೆಂಗ ಬಂದ? 'ರಾ', 'ಮ' ಬ್ಯಾರೆ. 'ಮಾ', 'ರ' ಬ್ಯಾರೆ.

ಕೆದಕಿ ನೋಡಿದ್ರ ಗೊತ್ತಾತು. ಯುನಿಕೋಡಿನ್ಯಾಗ 'ರಾ' ಅನ್ನೋದು ಒಂದಲ್ಲ, 'ರ' ಒಂದು, ದೀರ್ಘದ ಗುರುತು ಇನ್ನೊಂದು. ಬಿಡಿಸಿ ಜೋಡಿಸೋ ಹೊತ್ತಿಗೆ ಆ ದೀರ್ಘ ಯಾರದು ಅನ್ನೋದು ಕಳದು ಹೋಗ್ತದ. 'ಕನ್ನಡ' ನಮಗ 3 ಅಕ್ಷರ. ಅದಕ್ಕ 5 ತುಣುಕು: ಕ, ನ, ಅರ್ಧಾಕ್ಷರದ ಗುರುತು, ನ, ಡ.

"ಕನ್ನಡ ಇದಕ್ಕ ಒಗ್ಗಂಗಿಲ್ಲ ಅತ್ತಿ, ಇಂಗ್ಲಿಷ್ ಅಷ್ಟ ಇಟ್ಟಬಿಡ್ತೀನಿ" ಅಂದ್ಲು. ಈ ಮಾತು ನನಗ ಸರಿ ಬರಲಿಲ್ಲ ನೋಡ್ರಿ. ತಪ್ಪು ಭಾಷಾದ್ದಲ್ಲ. ಅಕ್ಷರ ಅಂದ್ರ ಯಾವುದು ಅಂತ ಮೊದಲ ಹೇಳದ ಆರಿಸಲಿಕ್ಕೆ ಕೂತದ್ದು ತಪ್ಪು. ಹೆಸರು ಯಾವುದು, ಹರಳು ಯಾವುದು ಗೊತ್ತಿಲ್ಲದಾಕಿ ಕೈಯಾಗ ಮೊರ ಕೊಟ್ಟಂಗ.

ಕೊನಿಗೆ ಅಕಿ ಒಂದು ಹೆಜ್ಜಿ ಸೇರಿಸಿದ್ಲು. ಗುಣಿತದ ಗುರುತು, ಒತ್ತು ಎಲ್ಲಾ ಅದರದರ ಅಕ್ಷರಕ್ಕ ಕಟ್ಟಿ, ಆಮ್ಯಾಲೆ ಜೋಡಿಸೋದು. ರಾಮ, ಮರಾ ಒಂದ ಕಡೆ ಉಳಿದ್ವು, ಮಾರ ತನ್ನ ಡಬ್ಬಿಗೆ ಹೋದ.

ಕಂಪ್ಯೂಟರ್ ನಮಗ ತಿಳಿಯಂಗಿಲ್ಲ ಅಂತ ನಾವು ದೂರ ಕೂಡೋದು ಬ್ಯಾಡ. ಕಾಗುಣಿತ ಬಲ್ಲವರು ಹಿಡೀಬಹುದಾದ ತಪ್ಪೂ ಅದರಾಗ ಇರ್ತಾವ. ನಿಮ್ಮನಿ ಹುಡುಗರು ಇದನ್ನ ಕಲಿಲಿಕ್ಕೆ ಹತ್ತಿದ್ರ, 'ಕನ್ನಡ' ಎಷ್ಟು ಅಕ್ಷರ ಅಂತ ಒಮ್ಮೆ ಕೇಳಸ್ರಿ. ಐದು ಅಂದ್ರ ಬಾಜೂಕ ಕೂತು ತಿದ್ದಿಸ್ರಿ.