ಮರೆಯ ಧಣಿಯ ಹೊಣೆ

ಹುಲಗೂರಿನ ಜಮೀನುದಾರರೊಬ್ಬರು ತಮ್ಮ ಭಂಡವಲದಿಂದ ಬೀಜ-ಗೊಬ್ಬರದ ಅಂಗಡಿಯನ್ನಿಟ್ಟು, ಫಲಕದ ಮೇಲೆ ಗುಮಾಸ್ತನ ಹೆಸರನ್ನೇ ಬರೆಯಿಸಿರುವರೆಂದು ಭಾವಿಸೋಣ. ಉದ್ರಿ ತರಕೂಡದೆಂದು ಅವನಿಗೆ ತಾಕೀತು ಮಾಡಿರುತ್ತಾರೆ. ಅವನಾದರೋ ಹುಬ್ಬಳ್ಳಿಯ ವ್ಯಾಪಾರಿಯಿಂದ ಗೊಬ್ಬರವನ್ನು ಉದ್ರಿ ತಂದು ಹಣ ನಿಲ್ಲಿಸುತ್ತಾನೆ. ಧಣಿ ಯಾರೆಂಬುದು ಆಮೇಲೆ ಬಯಲಾಗುತ್ತದೆ. ವ್ಯಾಪಾರಿಯು ಅವರನ್ನು ಹಿಡಿಯಬಹುದೇ?

ಇಂಥದೇ ಇಂಗ್ಲಿಷ್ ವ್ಯಾಜ್ಯವೊಂದು ವಾಟೋ ವಿರುದ್ಧ ಫೆನ್ವಿಕ್ ಎಂಬ ಹೆಸರಿನಿಂದ ೧೮೯೩ರ ವರದಿಗಳಲ್ಲಿದೆ. ಹಂಬಲ್ ಎಂಬವನು ತನ್ನ ಬಿಯರ್ ಅಂಗಡಿಯನ್ನು ಮಾರಿ, ಅಲ್ಲಿಯೇ ವ್ಯವಸ್ಥಾಪಕನಾಗಿ ಉಳಿದನು. ಬಾಗಿಲ ಮೇಲೆ ಅವನ ಹೆಸರೇ ಇತ್ತು. ಧಣಿಗಳ ನಿಷೇಧವನ್ನು ಮೀರಿ ಅವನು ಸಿಗಾರುಗಳನ್ನು ಉದ್ರಿ ಕೊಂಡನು. ಅಂಥ ವ್ಯವಸ್ಥಾಪಕನಿಗೆ ವಾಡಿಕೆಯಾಗಿರುವ ಅಧಿಕಾರದೊಳಗಿನ ಕೆಲಸಕ್ಕೆ ಮರೆಯ ಧಣಿಗಳೇ ಹೊಣೆಯೆಂದು ತೀರ್ಪಾಯಿತು. ಇದನ್ನು ಕಾಯಿದೆಪಂಡಿತರು ಬಹಳ ಟೀಕಿಸಿರುವರು.

ನಮ್ಮ ೧೮೭೨ರ ಕರಾರು ಕಾಯಿದೆಯ ೨೩೭ನೆಯ ಕಲಮಿನ ಮೇರೆಗೆ, ಗುಮಾಸ್ತನಿಗೆ ಅಧಿಕಾರವುಂಟೆಂದು ಧಣಿಯು ಮಾತಿನಿಂದಾಗಲಿ ನಡತೆಯಿಂದಾಗಲಿ ನಂಬಿಸಿರಬೇಕು. ಇರುವನೆಂದೇ ತಿಳಿಯದ ಧಣಿ ಯಾರನ್ನು ನಂಬಿಸಿಯಾನು? ಆದುದರಿಂದ ಈ ಕಲಮು ಇಲ್ಲಿ ಸಲೀಸಾಗಿ ಹೊಂದದು. ಧಣಿಯ ಹೆಸರು ಹೇಳದ ಗುಮಾಸ್ತನೇ ಹೊಣೆಗಾರನೆಂದು ೨೩೦ನೆಯ ಕಲಮು ಭಾವಿಸುತ್ತದೆ, ನಿಜ. ಬರಿಗೈಯವನಿಂದ ವಸೂಲಾಗುವುದಾದರೂ ಏನು?

ನನ್ನ ಮತದಲ್ಲಿ ಇಂಗ್ಲಿಷ್ ತೀರ್ಪೇ ನ್ಯಾಯವಾದುದು. ಅಂಗಡಿಯ ಲಾಭವನ್ನುಣ್ಣುವವರು, ವ್ಯಾಪಾರಿಯ ಕಿವಿಗೆ ಬೀಳದ ತಾಕೀತನ್ನು ಮುಂದೊಡ್ಡಿ ಬಾಕಿಯಿಂದ ಪಾರಾಗುವುದು ಸಲ್ಲದು. ೨೩೧ನೆಯ ಕಲಮಿನಂತೆ ಇದೇ ಮರೆಯ ಧಣಿಯು ತನಗೆ ಬೇಕಾದಾಗ ಹೊರಬಂದು, ಕರಾರು ನಡೆಸಿರೆಂದು ಕೇಳಬಲ್ಲನಷ್ಟೆ!

ಪಾಟೀಲರೂ ಜಮೀನುದಾರರೂ ರಸೀದಿ ಪುಸ್ತಕದಲ್ಲಿ ತಮ್ಮ ಹೆಸರನ್ನು ಅಚ್ಚು ಹಾಕಿಸಿ, ಉದ್ರಿಯ ಮಿತಿಯನ್ನು ವ್ಯಾಪಾರಿಗಳಿಗೆ ಕಾಗದದ ಮೂಲಕ ತಿಳಿಸತಕ್ಕದ್ದು. ಗುಮಾಸ್ತನನ್ನು ಬಿಡಿಸಿದಾಗಲೂ ಹಾಗೆಯೇ. ೨೦೮ನೆಯ ಕಲಮಿನ ಪ್ರಕಾರ ಅದು ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಂದಿನಿಂದಲೇ ಜಾರಿಗೆ ಬರುತ್ತದೆ.