ಮತ್ತೆ ಯಾವಾಗ ಹೋಗುವುದು?

ಗಲ್ಫಿನಿಂದ ರಜೆಯಲ್ಲಿ ಬಂದ ಯುವಕ ಶುಕ್ರವಾರದ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಎದುರಾಗುವ ಮೊದಲ ಪ್ರಶ್ನೆ ಇದು. ಕೇಳುವವರಲ್ಲಿ ದುರುದ್ದೇಶವಿಲ್ಲ. ಆದರೆ, ‘ನೀನು ಇಲ್ಲಿಯವನಲ್ಲ’ ಎಂಬ ಅರ್ಥ ಅದರೊಳಗೆ ಅಡಗಿದೆಯೆಂಬುದನ್ನು ನಾವು ಯೋಚಿಸಿದ್ದೇವೆಯೇ?

1973ರ ತೈಲ ಬೆಲೆಯೇರಿಕೆಯ ಬಳಿಕ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದ ಬಾಗಿಲು ತೆರೆದಾಗ ನಮ್ಮ ಕರಾವಳಿಯ ಯುವಕರು ಕಡಲು ದಾಟಿದರು. ಹೆಂಚಿನ ಮನೆಗಳು ತಾರಸಿಯಾದುವು. ಮಸೀದಿ, ಮದ್ರಸ, ಶಾಲೆಗಳು ತಲೆಯೆತ್ತಿದುವು. ಇವೆಲ್ಲಕ್ಕೆ ಹಣ ಕಳುಹಿಸಿದವನ ಮನಸ್ಸನ್ನು ವಿಚಾರಿಸಿದವರು ಮಾತ್ರ ವಿರಳ. ಅಲ್ಲಿ ಅವನು ಪರದೇಶಿ. ಎಷ್ಟು ವರ್ಷ ದುಡಿದರೂ ಬದುಕು ವೀಸಾದ ಅವಧಿಗೆ ಬದ್ಧ. ಇಲ್ಲಿ ಅವನು ಅತಿಥಿ. ಸ್ವಂತ ಮಗುವೇ ಅವನನ್ನು ಕಂಡು ತಾಯಿಯ ಬೆನ್ನ ಹಿಂದೆ ಅಡಗುತ್ತದೆ. ಸೌದಿ ಅರೇಬಿಯಾವು ವಿದೇಶಿ ನೌಕರರ ಕುಟುಂಬದ ಪ್ರತಿಯೊಬ್ಬ ಅವಲಂಬಿತನ ಮೇಲೆ 2017ರ ಜುಲೈಯಿಂದ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, 2020ರ ವೇಳೆಗೆ ಅದನ್ನು 400ಕ್ಕೇರಿಸಿದಾಗ, ಅನೇಕರು ಪತ್ನಿ-ಮಕ್ಕಳನ್ನು ಊರಿಗೆ ಕಳುಹಿಸಿ ಒಂಟಿಯಾದರು. ಕೆಲಸ ಹೋದುದನ್ನು ಮನೆಗೆ ತಿಳಿಸದೆ, ಸಾಲ ಮಾಡಿ ಹಣ ಕಳುಹಿಸಿದವರೂ ಇದ್ದಾರೆ. ‘ನನ್ನಿಂದಾಗದು’ ಎನ್ನುವ ಸ್ವಾತಂತ್ರ್ಯವನ್ನು ನಾವು ಅವರಿಗೆ ನೀಡಿಲ್ಲ.

‘ಸಹನೆ ವಹಿಸು’ ಎಂಬ ಉಪದೇಶವೊಂದೇ ಇಂಥವರಿಗೆ ಸಾಲದು. ಹಿಜ್ರತ್‌ನ ಆರಂಭದಲ್ಲಿ ಮದೀನಾದಲ್ಲಿ ಜ್ವರಪೀಡಿತರಾದ ಹ. ಬಿಲಾಲ್(ರ) ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲನ್ನೂ ನೆನೆದು ಹಂಬಲಿಸಿದರು. ಸುಡು ಮರಳಿನ ಮೇಲೂ ಅಚಲರಾಗಿ ನಿಂತವರು ಅವರು! ಪ್ರವಾದಿ(ಸ) ಆ ಹಂಬಲವನ್ನು ದೌರ್ಬಲ್ಯವೆಂದು ಜರೆಯಲಿಲ್ಲ. ಮದೀನಾವನ್ನೂ ಮಕ್ಕಾದಂತೆಯೇ, ಅದಕ್ಕಿಂತಲೂ ಹೆಚ್ಚಾಗಿ ಪ್ರಿಯಗೊಳಿಸೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಮಾತ್ರವಲ್ಲ, ಮುಹಾಜಿರರನ್ನೂ ಅನ್ಸಾರರನ್ನೂ ಸಹೋದರರನ್ನಾಗಿಸಿ ಅವರ ಹೊರೆಯನ್ನು ಹಂಚಿದರು. ನೋವಿಗೆ ಕಿವಿಗೊಡುವುದು ಮತ್ತು ಹೊರೆ ಇಳಿಸುವುದು, ಇವೆರಡೂ ಸೇರಿದರೆ ಮಾತ್ರ ಸಾಂತ್ವನ.

ನಮ್ಮಲ್ಲಿ ಆ ಹೊರೆಯನ್ನು ಹೇರಿದವರಾರು? ಇಸ್ಲಾಮ್ ಮಹ್ರ್ ನೀಡುವ ಹೊಣೆಯನ್ನು ವರನಿಗೆ ವಹಿಸಿದೆ. 1961ರ ಕಾನೂನು ವರದಕ್ಷಿಣೆಯನ್ನು ನಿಷೇಧಿಸಿದೆ. ಆದರೂ ತಂಗಿಯ ಮದುವೆಯ ಚಿನ್ನಕ್ಕಾಗಿ, ನೆರೆಮನೆಗಿಂತ ಎತ್ತರದ ಮನೆಗಾಗಿ, ಆತನ ದುಡಿಮೆಗೆ ‘ಇನ್ನೆರಡು ವರ್ಷ’ ಸೇರುತ್ತಲೇ ಇರುತ್ತದೆ. ದುರಂತವೆಂದರೆ, ತಂಗಿಗಾಗಿ ಬೆವರು ಸುರಿಸಿದ ಅದೇ ಯುವಕ ತಾನು ವರನಾದಾಗ ಇನ್ನೊಬ್ಬ ಅಣ್ಣನ ಹೆಗಲಿಗೆ ಅದೇ ಭಾರವನ್ನು ದಾಟಿಸುತ್ತಾನೆ.

ಆದ್ದರಿಂದ ಪರಿಹಾರ ಮನೆಯಿಂದಲೇ ಆರಂಭವಾಗಲಿ. ಎಷ್ಟು ಹಣ ಸಾಕು, ಯಾವಾಗ ಮರಳಬೇಕು ಎಂಬುದನ್ನು ಮನೆಯವರು ಆತನೊಂದಿಗೆ ಕುಳಿತು ನಿರ್ಧರಿಸಲಿ. ಫೋನಿನಲ್ಲಿ ಖರ್ಚಿನ ಪಟ್ಟಿ ಒಪ್ಪಿಸುವ ಮೊದಲು ಆತನ ಊಟ, ನಿದ್ದೆ, ಆರೋಗ್ಯವನ್ನು ವಿಚಾರಿಸಲಿ. ಜಮಾಅತ್‌ಗಳು ದೇಣಿಗೆಗಾಗಿ ಮಾತ್ರ ಅವನನ್ನು ನೆನೆಯದೆ, ಕೆಲಸ ಕಳೆದುಕೊಂಡು ಬಂದವನಿಗೂ ಅದೇ ಗೌರವ ನೀಡಲಿ. ಸರಳ ವಿವಾಹವನ್ನು ಭಾಷಣದಿಂದ ಮಂಟಪಕ್ಕೆ ತರಲಿ.

ಮುಂದಿನ ಶುಕ್ರವಾರ ಆ ಯುವಕ ಮೆಟ್ಟಿಲಿಳಿಯುವಾಗ ನಾವು ಬೇರೊಂದು ಪ್ರಶ್ನೆ ಕೇಳೋಣ: ‘ಹೇಗಿದ್ದೀ?’ ಕೇಳಿದ ಬಳಿಕ, ಉತ್ತರ ಮುಗಿಯುವ ತನಕ ನಿಲ್ಲೋಣ.