ಹರಿಹರಕ್ಕೂ ಕಡಲಿಗೂ ಏನು ನಂಟು ಎಂದವರಿಗೆ

ಕಡಲ ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳನ್ನು ಪದೇ ಪದೇ ಪರೀಕ್ಷಿಸುವುದು ದುಂದುವೆಚ್ಚ, ಒಳನಾಡಿನ ದಾವಣಗೆರೆಗಂತೂ ಅದರ ಗೊಡವೆಯೇ ಬೇಡ ಎಂಬ ಲೇಖನವೊಂದರ ವಾದ ನಕಾಶೆ ಬಿಡಿಸಿದರೇ ಬಿದ್ದುಹೋಗುತ್ತದೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲಕ್ಕೆ ಮುಂಗಾರು ಬರುವುದು ಅರಬ್ಬಿ ಸಮುದ್ರ ದಾಟಿಯೇ. ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾದ ಆ ನೀರೇ ಹರಿಹರದ ಸೇತುವೆಯಡಿ ಏರುವುದು. ಕಡಲ ಮೇಲ್ಮೈಯ ಬಿಸಿಯನ್ನು ತಪ್ಪಾಗಿ ಎಣಿಸಿದ ಮಾದರಿ ಘಟ್ಟದ ಮಳೆಯಲ್ಲೂ ಎಡವಬಹುದು.

ಸರಾಸರಿ ತಪ್ಪು ಕಡಿಮೆಯಿದ್ದರೆ ಸಾಕೆಂಬುದು ಇನ್ನೂ ಅಪಾಯದ ಮಾತು. ‘ನಾಳೆಯೂ ಇವತ್ತಿನಷ್ಟೇ ನೀರು’ ಎಂದು ವರ್ಷವಿಡೀ ಹೇಳುತ್ತಾ ಕೂತರೂ ಬೇಸಿಗೆಯ ತಿಂಗಳುಗಳ ದಯೆಯಿಂದ ಒಳ್ಳೆಯ ಅಂಕವೇ ಬರುತ್ತದೆ! ಮಾದರಿ ಮೊದಲು ಈ ಸೋಮಾರಿ ಊಹೆಯನ್ನು ಸೋಲಿಸಲಿ, ಅದೂ ನೀರು ಏರುವ ದಿನಗಳಲ್ಲಿ. ಕಡಲಲ್ಲೂ ಅಷ್ಟೇ: ಅಲೆಯ ಎತ್ತರ ಸರಿಯಾಗಿದ್ದು ಹೊತ್ತು ಆರು ತಾಸು ತಪ್ಪಿದರೆ, 2021ರ ತೌಕ್ತೆಯಂಥ ಚಂಡಮಾರುತದಲ್ಲಿ ದೋಣಿ ಆಗಲೇ ಕಡಲಲ್ಲಿರುತ್ತದೆ. ದೊಡ್ಡ ನೆರೆ ಅಪರೂಪ, ಪರೀಕ್ಷೆಗೆ ದತ್ತಾಂಶ ಸಾಲದು ಎನ್ನುತ್ತಾರೆ, ನಿಜವೇ. ಅದಕ್ಕೇ 2019ರ ಆಗಸ್ಟ್‌ನ ನೆರೆಯನ್ನು ಮಾದರಿ ತಿದ್ದುವಾಗ ಬಳಸದೆ ಬದಿಗಿಟ್ಟು, ಅಂದು ಕೈಯಲ್ಲಿದ್ದ ಮಾಹಿತಿಯನ್ನಷ್ಟೇ ಕೊಟ್ಟು ಓಡಿಸಿ ನೋಡಬೇಕು. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅಲೆಯ ಮುನ್ಸೂಚನೆಯನ್ನು ಕಡಲಲ್ಲಿ ತೇಲುವ ಮಾಪಕಗಳೊಡನೆ ತಾಳೆ ನೋಡುತ್ತದೆ. ತುಂಗಭದ್ರೆಯ ಮುನ್ಸೂಚನೆಗೂ ಅಂಥ ತಾಳೆಪಟ್ಟಿ, ತಪ್ಪಿದ ಗಂಟೆಗಳ ಲೆಕ್ಕದ ಸಮೇತ, ಹರಿಹರದ ಜನರ ಕೈಗೆ ಸಿಗಬೇಕು.